ಧ್ಯಾನಕ್ಕೆ ಕೂತರೆ ತೂಕಡಿಕೆ, ಕಾಲಿಗೆ ಜೋಮು: ತಪ್ಪುತ್ತಿರುವುದೆಲ್ಲಿ?

ಪ್ರಶ್ನೆ: ಆಸನ, ಪ್ರಾಣಾಯಾಮ ಮುಗಿಸಿ ಸುಖಾಸನದಲ್ಲಿ 20 ನಿಮಿಷ ಧ್ಯಾನ. ಮೊದಲು ಯೋಚನೆಗಳ ಸಂತೆ, ಆಮೇಲೆ ತೂಕಡಿಕೆ, ಜೊತೆಗೆ ಕಾಲಿಗೆ ಜೋಮು. ಉಸಿರು ಗಮನಿಸಹೊರಟರೆ ಎದೆ ಬಿಗಿಯುತ್ತದೆ. ಮನಸ್ಸನ್ನು ಖಾಲಿ ಮಾಡುವುದು ಹೇಗೆ?

ಉತ್ತರ 1: ಮೊದಲು ಕೂರುವುದನ್ನು ಸರಿಪಡಿಸಿಕೊಳ್ಳಿ. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಸೊಂಟ ಹಿಂದಕ್ಕೆ ವಾಲಿ ಬೆನ್ನು ಗೂನಾಗುತ್ತದೆ, ಉಸಿರು ಮೊಟಕಾಗುತ್ತದೆ. ದಪ್ಪ ಕಂಬಳಿ ಮಡಚಿ 3–4 ಇಂಚು ಎತ್ತರ ಮಾಡಿ, ಅದರ ಮುಂದಿನ ಅಂಚಿಗೆ ಕೂರಿ. ಪೃಷ್ಠ ಮಾತ್ರ ಮೇಲಿರಲಿ. ಅಂಚು ತೊಡೆಗೆ ಒತ್ತಿದರೆ ನರ ಅದುಮಿ ಜೋಮು ಹಿಡಿಯುತ್ತದೆ. ಹಿಡಿದರೆ ಹಲ್ಲುಕಚ್ಚಿ ಕೂರಬೇಡಿ, ಕಾಲು ಬಿಡಿಸಿ. ಕುರ್ಚಿಯೂ ಆದೀತು, ಪಾದ ಪೂರ್ತಿ ನೆಲಕ್ಕೆ ಊರಿರಲಿ. ಯೋಗಸೂತ್ರ ರಚಿಸಿದ ಪತಂಜಲಿ ಆಸನದಿಂದ ಕೇಳಿದ್ದು ಎರಡೇ: ಸ್ಥಿರ, ಸುಖ.

ತೂಕಡಿಕೆಗೆ: ಊಟವಾಗಿ 2–3 ಗಂಟೆಯಾದರೂ ಕಳೆದಿರಲಿ. ಗದ್ದ ಎದೆಯತ್ತ ಇಳಿಯತೊಡಗಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರೆತೆರೆದು ಒಂದು ಮಾರು ದೂರದ ನೆಲದ ಮೇಲೆ ನೋಟವಿಡಿ. ರಾತ್ರಿ ನಿದ್ದೆಯೇ ಸಾಲದಿದ್ದರೆ ಮಲಗುವುದೊಂದೇ ಮದ್ದು.

ಉತ್ತರ 2: ‘ಖಾಲಿ ಮಾಡುವುದು’ ಎಂಬ ಗುರಿಯನ್ನೇ ಬಿಡಿ. ಯೋಗಸೂತ್ರದ ಮೂರನೆಯ ಪಾದ, ಅಂದರೆ ಅಧ್ಯಾಯ, ಧಾರಣ, ಧ್ಯಾನ, ಸಮಾಧಿ (ಮನಸ್ಸು ಧ್ಯಾನದ ವಸ್ತುವಿನಲ್ಲೇ ಲೀನವಾಗುವುದು) ಮೂರನ್ನು ಅಂತರಂಗ, ಅಂದರೆ ಯೋಗದ ಒಳಗಿನ ಅಂಗಗಳು, ಎನ್ನುತ್ತದೆ. ಚಿತ್ತವನ್ನು ಒಂದೆಡೆ ಕಟ್ಟುವುದು ಧಾರಣ. ಅದೇ ಅರಿವು ಎಣ್ಣೆಯ ಧಾರೆಯಂತೆ ಎಡೆಬಿಡದೆ ಹರಿದರೆ ಧ್ಯಾನ. ನಮ್ಮ ಕೈಯಲ್ಲಿರುವುದು ಧಾರಣ, ಧ್ಯಾನ ಕೂಡಿಬರಬೇಕಾದದ್ದು. ಈ ವ್ಯತ್ಯಾಸ ತಿಳಿಯದೆಯೇ ಹೆಚ್ಚಿನವರು ಬೇಸತ್ತು ಬಿಡುತ್ತಾರೆ.

ಕೂತೊಡನೆ 3 ನಿಮಿಷ ನಾಲ್ಕು ಎಣಿಕೆಗೆ ಉಸಿರು ಒಳಗೆ, ಆರು ಎಣಿಕೆಗೆ ಹೊರಗೆ. ಉಸಿರು ಬಿಡುವಾಗ ಹೃದಯದ ಬಡಿತ ನಿಧಾನವಾಗುತ್ತದೆ, ಅದಕ್ಕೇ ರೇಚಕ (ಉಸಿರು ಬಿಡುವುದು) ಉದ್ದ. ಆಮೇಲೆ ಎಣಿಕೆಯ ಹಿಡಿತ ಬಿಟ್ಟು, ಮೂಗಿನ ಹೊಳ್ಳೆಯಂಚಿಗೆ ಗಾಳಿ ತಾಗುವುದನ್ನಷ್ಟೇ ಅರಿಯಿರಿ. ಎದೆ ಬಿಗಿಯುವುದು ನೋಡುವ ನೆಪದಲ್ಲಿ ಉಸಿರನ್ನು ಎಳೆಯುತ್ತಿರುವುದರಿಂದ. ಆಗ ಗಮನವನ್ನು ಹೊಟ್ಟೆಯ ಏರಿಳಿತಕ್ಕೆ ಇಳಿಸಿ. ಪ್ರತಿ ನಿಶ್ವಾಸಕ್ಕೊಂದರಂತೆ 1ರಿಂದ 10ರವರೆಗೆ ಗುರುತುಹಾಕಿ, ತಪ್ಪಿದರೆ ಮತ್ತೆ 1. ಮನಸ್ಸು ಹೋದದ್ದು ಗೊತ್ತಾಗಿ ಮರಳುವುದಿದೆಯಲ್ಲ, ಅಭ್ಯಾಸ ಅಂದರೆ ಅದೇ. ಸದ್ಯಕ್ಕೆ 20 ಬೇಡ, ದಿನಾ ತಪ್ಪದೆ 10 ನಿಮಿಷ ಸಾಕು.

ಪ್ರಶ್ನೆ ಕೇಳಿದವರು: ಸರಿಯಾಗುತ್ತಿದೆ ಅಂತ ತಿಳಿಯುವುದು ಹೇಗೆ? ಬೆಳಕು, ಬಣ್ಣ ಕಾಣಬೇಕೇ?

ಉತ್ತರ 3: ಕಂಡರೂ ಕಾಣದಿದ್ದರೂ ಲೆಕ್ಕಕ್ಕಿಲ್ಲ, ಅವುಗಳ ಹಿಂದೆ ಹೋಗಬೇಡಿ. ಮನಸ್ಸು ಜಾರಿದ್ದು ಮೊದಲಿಗಿಂತ ಬೇಗ ಗೊತ್ತಾಗುತ್ತಿದೆಯೇ? ಸಿಟ್ಟು ಬಂದಾಗ ಮಾತು ಬಾಯಿಗೆ ಬರುವ ಮುನ್ನ ಒಂದು ಕ್ಷಣದ ಬಿಡುವು ಸಿಗುತ್ತಿದೆಯೇ? ನೋಡಬೇಕಾದದ್ದು ಇವನ್ನು.

ಕೆಲವರಿಗೆ ಮೌನದಲ್ಲಿ ಹಳೆಯ ನೋವು, ದಿಗಿಲು ನುಗ್ಗಿಬರುತ್ತದೆ. ಹಾಗಾದರೆ ಹಟಹಿಡಿಯದೆ ಕಣ್ಣು ತೆರೆದು ಎದ್ದು ನಡೆಯಿರಿ. ಮಾನಸಿಕ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳಿಯೇ ತೊಡಗಲಿ. ಧ್ಯಾನವನ್ನು ನೆಚ್ಚಿ ಮಾತ್ರೆ ಬಿಡುವುದಂತೂ ಬೇಡವೇ ಬೇಡ.