ಗಾಡಿ ಬ್ರೇಕ್ ಹಿಡ್ಕೊಳ್ತಿದೆಯಾ? ಮೆಕ್ಯಾನಿಕ್ ಅಣ್ಣನ್ನ ಕೇಳಿ

ಮೂಡಿಗೆರೆ: ಅಣ್ಣ, ತೋಟದ ಪಿಕಪ್ ಬೆಳಗ್ಗೆ ಚೆನ್ನಾಗಿ ಓಡುತ್ತದೆ. ಹತ್ತು ಕಿಲೋಮೀಟರ್ ಆದ ಮೇಲೆ ನಾಲ್ಕೂ ಚಕ್ರ ಹಿಡ್ಕೊಳ್ಳುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ತಾನೇ ಬಿಡುತ್ತದೆ. ನಿನ್ನೆ ಚಾರ್ಮಾಡಿಯಲ್ಲಿ ಸುಟ್ಟ ವಾಸನೆ ಬಂತು.

ಮೆಕ್ಯಾನಿಕ್: ಮೊದಲು ಆ ಗಾಡಿಯನ್ನು ಘಾಟಿಗೆ ಇಳಿಸಬೇಡಿ. ನಾಲ್ಕೂ ಒಟ್ಟಿಗೆ ಹಿಡಿದರೆ ಚಕ್ರ ಬಿಚ್ಚಬೇಡಿ, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ನಾಲ್ಕೂ ಚಕ್ರಕ್ಕೆ ಆಯಿಲ್ ತಳ್ಳೋ ಪಂಪು) ಕಡೆ ನೋಡಿ. ಪೆಡಲ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದೆ ಬಂದರೇನೇ ಒಳಗಿನ ಸಣ್ಣ ತೂತು ತೆರೆದು ಬ್ರೇಕ್ ಆಯಿಲ್ ಅದರ ಡಬ್ಬಿಗೆ ವಾಪಸ್ ಹೋಗೋದು. ಚೂರು ಕಮ್ಮಿ ಬಂದರೂ ತೂತು ಮುಚ್ಚಿರುತ್ತದೆ. ಓಡುತ್ತಾ ಆಯಿಲ್ ಕಾದು ಹಿಗ್ಗುತ್ತದೆ. ದಾರಿ ಇಲ್ಲ, ಕಾಲಿಡದೇ ಬ್ರೇಕ್ ಹಿಡಿಯುತ್ತದೆ. ತಣ್ಣಗಾದರೆ ಬಿಡುತ್ತದೆ.

ಹಿಡಿದಾಗ ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಡಿ. ಮಾಸ್ಟರ್ ಸಿಲಿಂಡರನ್ನು ಬೂಸ್ಟರ್‌ಗೆ (ಕಾಲಿನ ಒತ್ತಡ ಹೆಚ್ಚಿಸೋ ದುಂಡನೆ ಡಬ್ಬ) ಕೂರಿಸಿರುವ ನಟ್ ಸಡಿಲಿಸಿ, ಸ್ವಲ್ಪ ಮುಂದಕ್ಕೆ ಎಳೆಯಿರಿ. ಚಕ್ರ ಬಿಟ್ಟರೆ ಪಿಸ್ಟನ್ ತಳ್ಳೋ ಕಡ್ಡಿ, ಅಂದರೆ ಪುಶ್‌ರಾಡ್ ಬಿಗಿ, ಇಲ್ಲಾ ಬೂಸ್ಟರ್, ಇಲ್ಲಾ ಪೆಡಲ್ ಪೂರ್ತಿ ಮೇಲೆ ಬರ್ತಿಲ್ಲ. ಬಿಡದಿದ್ದರೆ ಸಿಲಿಂಡರ್ ಒಳಗೇ ತೊಂದರೆ. ಇತ್ತೀಚೆಗೆ ಏನು ಕೆಲಸ ಮಾಡಿಸಿದ್ರಿ?

ಬೇಲೂರು: ಸರ್, ಕಾರು ಒಂದು ತಿಂಗಳು ಮಳೆಯಲ್ಲಿ ನಿಂತಿತ್ತು. ಹಿಂದಿನ ಚಕ್ರ ತಿರುಗಲ್ಲ.

ಮೆಕ್ಯಾನಿಕ್: ಹ್ಯಾಂಡ್ ಬ್ರೇಕ್ ಹಾಕಿ ಬಿಟ್ಟಿದ್ದೀರಿ. ತುಕ್ಕು ಹಿಡಿದು ಲೈನರ್ (ಬ್ರೇಕ್ ಹಾಕಿದಾಗ ಉಜ್ಜೋ ಪಟ್ಟಿ) ಚಕ್ರದ ಡ್ರಮ್‌ಗೆ ಅಂಟಿದೆ. ಹ್ಯಾಂಡ್ ಬ್ರೇಕ್ ಇಳಿಸಿ, ಡ್ರಮ್ ಸುತ್ತ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಇನ್ನು ಮೇಲೆ ಗೇರಲ್ಲಿ ಬಿಟ್ಟು ಕಲ್ಲು ಕೊಡಿ.

ಚಿಕ್ಕಮಗಳೂರು: ಸ್ಕೂಟರ್ ಡಿಸ್ಕ್ ಕೀಚ್ ಅನ್ನುತ್ತೆ, ಏನು ಮಾಡ್ಲಿ?

ಹಾಸನ: ಒಂದು ಮೆಸೇಜ್ ಬಂದಿತ್ತು. ಬ್ರೇಕ್ ಜಾಮ್ ಆದರೆ ಡಬ್ಬಿಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ, ಬಿಸಿ ಡ್ರಮ್‌ಗೆ ನೀರು ಹೊಡೀರಿ ಅಂತ.

ಮೆಕ್ಯಾನಿಕ್: ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ಬ್ರೇಕ್ ಆಯಿಲ್ ಅಂತ ಕರೆದರೂ ಅದು ಎಂಜಿನ್ ಆಯಿಲ್ ಜಾತಿಯದ್ದಲ್ಲ. ಎಂಜಿನ್ ಆಯಿಲ್ ಬಿದ್ದರೆ ರಬ್ಬರ್ ಸೀಲ್ ಊದಿಕೊಂಡು ಇನ್ನೂ ಜಾಮ್ ಆಗುತ್ತದೆ. ಆಮೇಲೆ ರಬ್ಬರ್ ಅಷ್ಟೂ ಬದಲಾಯಿಸಬೇಕು. ಕಾದ ಡ್ರಮ್‌ಗೆ ನೀರು ಬಿದ್ದರೆ ಬಿರುಕು ಬಿಡಬಹುದು. ಜೀವದ ವಿಷಯ ಇದು.

ಅರಸೀಕೆರೆ: ಸರ್, ನಮ್ಮದೂ ಮಳೇಲಿ ನಿಂತು ಹಿಂದಿನ ಚಕ್ರ ಜಾಮ್.

ಮೆಕ್ಯಾನಿಕ್: ಬೇಲೂರಿನವರಿಗೆ ಬರೆದಿದ್ದೇನೆ. ಓದಿ.

ಸಕಲೇಶಪುರ: ಶಿರಾಡಿ ನ್ಯೂಟ್ರಲ್‌ನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತೆ. ಇಪ್ಪತ್ತು ವರ್ಷದಿಂದ ಇಳೀತಿದ್ದೀನಿ, ಏನೂ ಆಗಿಲ್ಲ.

ಕೊಪ್ಪ: ಗೌಡ್ರೇ, ಎದುರಿಗೆ ಬರೋರ ಬಗ್ಗೆ ಸ್ವಲ್ಪ ಯೋಚನೆ ಮಾಡಿ.

ಸಕಲೇಶಪುರ: ನೀವು ನನಗೆ ಡ್ರೈವಿಂಗ್ ಹೇಳ್ಕೊಡಬೇಡಿ.

ಕೊಪ್ಪ: ಹೇಳ್ಕೊಡಲೇಬೇಕು ಅನ್ನಿಸ್ತಿದೆ.

ಮೆಕ್ಯಾನಿಕ್: ಸಾಕು ಇಬ್ಬರೂ. ಈಗಿನ ಇಂಜೆಕ್ಷನ್ ಗಾಡಿ ಗೇರಲ್ಲಿ ಆಕ್ಸಲರೇಟರ್‌ನಿಂದ ಕಾಲು ತೆಗೆದು ಇಳಿದರೆ ಡೀಸೆಲ್ ತಾನೇ ಕಟ್ ಆಗುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಡೆ ಇಲ್ಲ, ಭಾರವೆಲ್ಲ ಬ್ರೇಕ್ ಮೇಲೆ. ಡಾಟ್ 4 ಅನ್ನೋ ಬ್ರೇಕ್ ಆಯಿಲ್ ಹೊಸದು 230 ಡಿಗ್ರಿವರೆಗೆ ಕುದಿಯೋದಿಲ್ಲ. ನೀರು ಹೀರಿದ್ದು 155ಕ್ಕೇ ಕುದಿಯಬಹುದು. ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಚಿಕ್ಕಮಗಳೂರು: ಸ್ಕೂಟರ್ ಬಗ್ಗೆ ಯಾರೂ ಹೇಳಲಿಲ್ಲ.

ಮೂಡಿಗೆರೆ: ಅಣ್ಣ, ಹೋದ ವಾರ ಬ್ರೇಕ್ ಲೈಟ್ ಸ್ವಿಚ್ ಹಾಕಿಸಿದ್ವಿ. ಬೇರೇನೂ ಮಾಡಿಸಿಲ್ಲ.

ಮೆಕ್ಯಾನಿಕ್: ಅದೇ ಇರಬೇಕು! ಸ್ವಿಚ್ ಜಾಸ್ತಿ ಮುಂದೆ ಬಂದು ಪೆಡಲ್ ಒತ್ತಿಕೊಂಡೇ ಇದೆ. ಟಾರ್ಚ್ ಹಿಡಿದು ಪೆಡಲ್ ಕೆಳಗೆ ಬಗ್ಗಿ ನೋಡಿ. ನಟ್ ಸಡಿಲಿಸಿ ಸ್ವಿಚ್ ಹಿಂದೆ ತಿರುಗಿಸಿ. ಬೆರಳಲ್ಲಿ ಒತ್ತಿದರೆ ಪೆಡಲ್ ಮೊದಲು ಒಂಚೂರು ಸಡಿಲ ಹೋಗಬೇಕು. ಕಾಲು ತೆಗೆದಾಗ ಹಿಂದಿನ ಲೈಟ್ ಆರಬೇಕು. ಸುಟ್ಟ ವಾಸನೆ ಬಂದಿದೆ, ಲೈನರ್ ಬಿಚ್ಚಿ ನೋಡಿ, ಆಯಿಲ್ ಬದಲಾಯಿಸಿ. ಆಮೇಲೆ ಘಾಟಿ.