ಗುರಿ ತಪ್ಪಿದ ಬ್ಯಾಸ್ಕೆಟ್‌ಬಾಲ್ ಇಳಿಜಾರಿಗೆ ಉರುಳದಂತೆ ಬೋರ್ಡಿನ ಸುತ್ತ ಬಲೆ ಕಟ್ಟುವುದು ಹೇಗೆ?

ಪ್ರಶ್ನೆ: ಮಲೆನಾಡ ಮೇಷ್ಟ್ರು

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ. ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ನಮಗೊಂದು ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಅಂಕಣವಿದೆ. ಅದರ ಒಂದು ತುದಿಯಲ್ಲಿ ಎತ್ತರದ ಧರೆ ಇರುವುದರಿಂದ ಆ ಕಡೆ ತೊಂದರೆಯಿಲ್ಲ. ಇನ್ನೊಂದು ತುದಿಯಲ್ಲಿ ಮಾತ್ರ ಎಂಡ್‌ಲೈನಿನಿಂದ (ಬೋರ್ಡಿನ ಹಿಂದಿರುವ ಅಂಕಣದ ಅಂಚುಗೆರೆಯಿಂದ) ಮೂರು ಮೀಟರಿನಷ್ಟು ಆಚೆಗೆ ನೆಲ ಇಳಿಜಾರಾಗಿ, ಕೆಳಗಿನ ಅಡಿಕೆ ತೋಟಕ್ಕೆ ಹೋಗಿ ಸೇರುತ್ತದೆ. ರಿಂಗ್ ತಪ್ಪಿದ ಚೆಂಡು ಬೋರ್ಡಿನ ಪಕ್ಕದಿಂದಲೋ ಮೇಲಿನಿಂದಲೋ ಆ ಕಡೆ ಹಾರಿತೆಂದರೆ ತೋಟದ ಬಸಿಗಾಲುವೆಯವರೆಗೂ ಉರುಳುತ್ತದೆ. ಒಬ್ಬ ಹುಡುಗ ಇಳಿದು ಅದನ್ನು ತರುವವರೆಗೆ ಉಳಿದವರೆಲ್ಲ ಕೈಕಟ್ಟಿ ನಿಂತಿರುತ್ತಾರೆ, ತೋಟದ ಯಜಮಾನರ ತಾಳ್ಮೆಯೂ ಕಡಿಮೆಯಾಗುತ್ತಿದೆ.

ಬೋರ್ಡಿನ ಮೇಲಂಚಿಗೂ ಎರಡೂ ಪಕ್ಕಗಳಿಗೂ ಪೈಪುಗಳನ್ನು ಬೆಸುಗೆ ಹಾಕಿ, ಬೀಸಣಿಗೆಯಂತೆ ಚೌಕಟ್ಟು ಮಾಡಿ ಬಲೆ ಬಿಗಿಯೋಣ ಎಂಬುದು ನಮ್ಮೂರ ವೆಲ್ಡಿಂಗ್ ಅಂಗಡಿಯವರ ಸಲಹೆ. ಬೋರ್ಡು ಈಗ ಒಂದೇ ಕಬ್ಬಿಣದ ಕಂಬದ ಮೇಲೆ, ಮುಂದಕ್ಕೆ ಚಾಚಿದ ತೋಳಿನ ತುದಿಯಲ್ಲಿ ನಿಂತಿದೆ. ಈ ಏರ್ಪಾಡು ಸರಿಯೇ, ಅಥವಾ ಬೇರೆ ಕಂಬಗಳನ್ನೇ ನೆಡಬೇಕೇ? ಯಾವ ಬಲೆ, ಎಷ್ಟು ಎತ್ತರ? ಇದಲ್ಲದೆ, ಚೆಂಡು ತಾನಾಗಿಯೇ ಮರಳಿ ಬರುವುದಾದರೆ ಮಕ್ಕಳು ರೀಬೌಂಡಿಗೆ, ಅಂದರೆ ತಪ್ಪಿ ಪುಟಿದ ಚೆಂಡನ್ನು ಹಿಡಿಯಲು, ಓಡುವುದನ್ನೇ ಬಿಟ್ಟಾರು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸುತ್ತಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಬ್ಬಿಣ ಕಾಂಕ್ರೀಟು, ಶಿವಮೊಗ್ಗ

ಬೋರ್ಡಿಗೆ ಬೆಸುಗೆ ಹಾಕುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ನೋಡಲು ಅದು ಅಗ್ಗವೂ ಸುಲಭವೂ ಆದ ದಾರಿ, ಆದರೆ ಅಪಾಯ ಅಲ್ಲಿಯೇ ಇದೆ.

ಬಲೆಗೆ ಬೀಳುವ ಭಾರವನ್ನು ಲೆಕ್ಕ ಹಾಕುವಾಗ ಎಲ್ಲರೂ ಮೊದಲು ಚೆಂಡಿನ ಪೆಟ್ಟನ್ನೇ ನೆನೆಯುತ್ತಾರೆ. ದೊಡ್ಡವರ ಚೆಂಡು ಸುಮಾರು 600 ಗ್ರಾಂ ತೂಗುತ್ತದೆ. ಅದು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬಂದು, 30 ಸೆಂ.ಮೀ. ಒಳಸರಿಯುವ ಸಡಿಲ ಬಲೆಯಲ್ಲಿ ನಿಂತರೆ ಬೀಳುವ ಸರಾಸರಿ ಒತ್ತಡ ಆರೇಳು ಕಿಲೋ ಭಾರದಷ್ಟು ಮಾತ್ರ. ಅದೇ ಬಲೆಯನ್ನು ತಂತಿಯಂತೆ ಬಿಗಿದು, 5 ಸೆಂ.ಮೀ. ಮಾತ್ರ ಒಳಸರಿಯುವಂತೆ ಮಾಡಿದರೆ ಒತ್ತಡ 40 ಕಿಲೋ ಸಮೀಪಕ್ಕೆ ಏರುತ್ತದೆ, ಚೆಂಡೂ ಪುಟಿದು ಯಾರದೋ ಮುಖಕ್ಕೆ ಬರುತ್ತದೆ. ಆದ್ದರಿಂದ ಬಲೆ ಜೋಲಾಡುವಂತಿರಬೇಕು, ಅಗಲದಲ್ಲಿಯೂ ಎತ್ತರದಲ್ಲಿಯೂ ಚೌಕಟ್ಟಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚಿರಲಿ.

ನಿಜವಾದ ಭಾರ ಗಾಳಿಯದು. ನಮ್ಮ ಭಾಗದಲ್ಲಿ ಕಟ್ಟಡಗಳ ವಿನ್ಯಾಸಕ್ಕೆ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 120 ಕಿ.ಮೀ. ಗಾಳಿಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತೇವೆ. ಅಂಥ ಗಾಳಿ ಪ್ರತಿ ಚದರ ಮೀಟರಿಗೆ 65 ಕಿಲೋ ಭಾರದಷ್ಟು ಒತ್ತುತ್ತದೆ. 6 ಮೀಟರ್ ಅಗಲ, 4.5 ಮೀಟರ್ ಎತ್ತರದ ಬಲೆಯಲ್ಲಿ ದಾರದ ಪಾಲು ಹತ್ತರಲ್ಲಿ ಒಂದೇ ಇದ್ದರೂ ಒಟ್ಟು ಭಾರ 200 ಕಿಲೋ ಸಮೀಪಿಸುತ್ತದೆ. ನರ್ಸರಿಗಳಲ್ಲಿ ಬಳಸುವ ಹಸಿರು ನೆರಳುಬಲೆಯನ್ನು ಕಟ್ಟಿದರೆ ಅದು ಇದರ ನಾಲ್ಕೈದು ಪಟ್ಟಾಗುತ್ತದೆ. ಇಷ್ಟನ್ನೂ 3 ಮೀಟರಿಗಿಂತ ಎತ್ತರದಲ್ಲಿರುವ ಬೋರ್ಡಿನ ಅಂಚಿಗೆ ಹೊರಿಸಿದರೆ ಇಡೀ ಒತ್ತಡ ಸನ್ನೆಗೋಲಿನ ಲೆಕ್ಕದಲ್ಲಿ ಹೆಚ್ಚಿ ಕಂಬದ ಬುಡಕ್ಕೆ ಇಳಿಯುತ್ತದೆ. ಆ ಕಂಬವಾದರೋ ಮೊದಲೇ ತೋಳಿನ ಭಾರವನ್ನೂ ರಿಂಗಿಗೆ ಜೋತುಬೀಳುವ ಹುಡುಗರನ್ನೂ ಹೊತ್ತು ನಿಂತಿದೆ. ಸಾಲದ್ದಕ್ಕೆ, ಬೆಸುಗೆ ಹಾಕಿದ ಕಡೆ ಸತುವಿನ ಲೇಪ ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ. 2025ರ ನವೆಂಬರಿನಲ್ಲಿ ಹರಿಯಾಣದ ರೋಹ್ಟಕ್ ಜಿಲ್ಲೆಯಲ್ಲಿ ಅಭ್ಯಾಸ ಮಾಡುತ್ತಿದ್ದ ಹದಿಹರೆಯದ ಆಟಗಾರನ ಎದೆಯ ಮೇಲೆ ಬ್ಯಾಸ್ಕೆಟ್‌ಬಾಲ್ ಕಂಬವೇ ಮುರಿದುಬಿದ್ದು ಆತ ತೀರಿಕೊಂಡ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಹಳೆಯ ಕಂಬಕ್ಕೆ ಹೊಸ ಭಾರ ಸೇರಿಸುವ ಮಾತು ಬಂದಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಬಲೆ ಕಟ್ಟಿದರೂ ಬಿಟ್ಟರೂ ನಿಮ್ಮ ಕಂಬದ ಬುಡವನ್ನು, ಸಿಮೆಂಟಿನಿಂದ ಹೊರಬರುವ ಆ ಒಂದು ಗೇಣಿನ ಭಾಗವನ್ನು, ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸಿ.

ಬೋರ್ಡಿನ ಹಿಂದೆ, ಅದಕ್ಕೆ ತಾಗದಂತೆ, 75 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಮೂರು ಕಂಬಗಳನ್ನು ನೆಡಿ. ಇಲ್ಲಿ ನಿಮ್ಮ ಜಾಗದ ಸ್ವಭಾವವನ್ನು ಗಮನಿಸಬೇಕು. ಗುಡ್ಡ ಕಡಿದು ಸಮತಟ್ಟು ಮಾಡಿದಲ್ಲಿ ಕಡಿದ ಮಣ್ಣನ್ನು ಸಾಮಾನ್ಯವಾಗಿ ಇಳಿಜಾರಿನ ಅಂಚಿಗೇ ಸುರಿದಿರುತ್ತಾರೆ. ಆ ತುಂಬುಮಣ್ಣಿನಲ್ಲಿ ಎರಡಡಿ ಗುಂಡಿ ತೆಗೆದು ಕಂಬ ನೆಟ್ಟರೆ ಎರಡನೆಯ ಮಳೆಗಾಲದ ಹೊತ್ತಿಗೆ ಅದು ತೋಟದ ಕಡೆ ವಾಲಿರುತ್ತದೆ. ಗಟ್ಟಿ ಮಣ್ಣು ಸಿಗುವವರೆಗೆ ಅಗೆದು, ಕನಿಷ್ಠ ಒಂದು ಮೀಟರ್ ಆಳಕ್ಕೆ ಕಾಂಕ್ರೀಟು ತುಂಬಿ, ಅಂಚಿನಿಂದ ಆದಷ್ಟು ಒಳಗೆ ಇರಿಸಿ. ಆದರೆ ಎಂಡ್‌ಲೈನಿನಾಚೆ ಎರಡು ಮೀಟರ್ ಖಾಲಿ ಬಿಡಬೇಕೆಂಬ ನಿಯಮ ಇರುವುದರಿಂದ ನಿಮಗೆ ಉಳಿಯುವುದು ಒಂದು ಮೀಟರಿನ ಪಟ್ಟಿ ಮಾತ್ರ.

ಉತ್ತರ: ಮಲ್ಪೆ ಬಲೆಗಾರ

ನಮ್ಮ ಮನೆಯವರದು ಬಲೆಯ ವ್ಯಾಪಾರ, ಆದ್ದರಿಂದ ಬಲೆಯ ಬಗ್ಗೆ ಮಾತ್ರ ಹೇಳುತ್ತೇನೆ. ಬಂದರಿನಲ್ಲಿ ಹಳೆಯ ಮೀನುಬಲೆ ಅಗ್ಗಕ್ಕೆ ಸಿಗುತ್ತದೆ ಎಂದು ಕೇಳಿಕೊಂಡು ಬರುವವರು ಬಹಳ ಮಂದಿ. ಆದರೆ ಮೀನುಬಲೆ ಎಂಬುದು ಒಂದೇ ವಸ್ತುವಲ್ಲ. ನೀರಿನಲ್ಲಿ ಮೀನಿಗೆ ಕಾಣದಂತೆ ಒಂದೇ ಎಳೆಯ ತೆಳು ನೈಲಾನಿನಿಂದ ಹೆಣೆದ ಬಲೆಗಳನ್ನು ಯಾವ ಕಾರಣಕ್ಕೂ ಬಯಲಿನಲ್ಲಿ ಕಟ್ಟಬೇಡಿ. ಮೀನಿಗೆ ಕಾಣದ್ದು ಹಕ್ಕಿಗೂ ಬಾವಲಿಗೂ ಕಾಣುವುದಿಲ್ಲ, ಬೆಳಗ್ಗೆ ನಿಮ್ಮ ವಿದ್ಯಾರ್ಥಿಗಳು ಸತ್ತ ಹಕ್ಕಿಗಳನ್ನು ಬಿಡಿಸುತ್ತ ಕೂರಬೇಕಾದೀತು. ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಗಳು ಹಲವು ಎಳೆಗಳನ್ನು ಹೊಸೆದ ನೈಲಾನಿನವು. ಗಟ್ಟಿಯೇನೋ ಹೌದು, ಆದರೆ ನೈಲಾನ್ ನೀರು ಹೀರಿ ಭಾರವಾಗಿ ಜಗ್ಗುತ್ತದೆ, ಬಿಸಿಲಿಗೂ ಬೇಗ ಜೀರ್ಣವಾಗುತ್ತದೆ. ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ದೋಣಿಗಳ ಬಲೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ದಾರದ್ದು. ಅದು ನೀರು ಹೀರುವುದಿಲ್ಲ, ದಾರ ದಪ್ಪವಾದ್ದರಿಂದ ಕಣ್ಣಿಗೂ ಕಾಣುತ್ತದೆ. ನಿಮ್ಮ ಕೆಲಸಕ್ಕೆ ಅದೇ ಸೂಕ್ತ. ಬಿಸಿಲು ತಡೆಯುವ ಅಂಶ ಸೇರಿಸಿದ ಹೊಸ ಎಚ್‌ಡಿಪಿಇ ಬಲೆಗೆ ಹಣವಿದ್ದರೆ ಅದನ್ನೇ ಕೊಳ್ಳಿ. ಹಳೆಯದನ್ನು ತಂದರೆ ಹಲವು ಸಲ ತೊಳೆದು ಒಣಗಿಸದ ಹೊರತು ಊರಿನ ಕಾಗೆಗಳೂ ಬೆಕ್ಕುಗಳೂ ನಿಮ್ಮ ಅಂಕಣಕ್ಕೇ ದಾಖಲಾತಿ ಪಡೆಯುತ್ತವೆ.

ಬಲೆಯ ಕಣ್ಣಿನ (ರಂಧ್ರದ) ಅಳತೆಯ ವಿಷಯದಲ್ಲಿ ಜನ ಸುಮ್ಮನೆ ಸಣ್ಣದನ್ನು ಆರಿಸುತ್ತಾರೆ. ಅಂಗಡಿಗಳಲ್ಲಿ ಸಿಗುವ ಕ್ರಿಕೆಟ್ ಬಲೆಯ ಕಣ್ಣು 4–5 ಸೆಂ.ಮೀ. ಇರುತ್ತದೆ, ಏಕೆಂದರೆ ಅದು ಕ್ರಿಕೆಟ್ ಚೆಂಡನ್ನು ತಡೆಯಬೇಕು. ಬ್ಯಾಸ್ಕೆಟ್‌ಬಾಲಿನ ವ್ಯಾಸ 24 ಸೆಂ.ಮೀ., ಅದನ್ನು ತಡೆಯಲು 10 ಸೆಂ.ಮೀ. ಕಣ್ಣು ಧಾರಾಳವಾಗಿ ಸಾಕು. ಮೇಲಿನ ಉತ್ತರದಲ್ಲಿರುವ ಗಾಳಿಯ ಲೆಕ್ಕವೂ ಆಗ ಅರ್ಧಕ್ಕೆ ಇಳಿಯುತ್ತದೆ. ನಿಮ್ಮದು ತೋಟದ ಅಂಚಾದ್ದರಿಂದ ಇನ್ನೊಂದು ಕಾರಣವೂ ಇದೆ. ನೆಲಕ್ಕೆ ಹರಡಿದ ಸಣ್ಣ ಕಣ್ಣಿನ ಬಲೆಯಲ್ಲಿ ಕೇರೆಹಾವುಗಳು ಸಿಕ್ಕಿಬೀಳುತ್ತವೆ, ದೊಡ್ಡ ಕಣ್ಣಿನಲ್ಲಿ ನುಸುಳಿ ಹೋಗುತ್ತವೆ. ಎಚ್‌ಡಿಪಿಇ ದಾರ ನುಣುಪಾಗಿರುವುದರಿಂದ ಗಂಟು ಜಾರುತ್ತದೆ. ಆದ್ದರಿಂದ ಅಂಚಿನ ಹಗ್ಗಕ್ಕೆ ಕಟ್ಟುವಾಗ ಪ್ರತಿ ಗಂಟನ್ನೂ ಎರಡು ಸುತ್ತು ಹಾಕಿ, ದಾರದ ತುದಿಯನ್ನು ಬೆಂಕಿಯಲ್ಲಿ ಕರಗಿಸಿ ಮುದ್ದೆ ಮಾಡಿ.

ಉತ್ತರ: ನ್ಯೂಜೆರ್ಸಿಯ ನೆರೆಮನೆ

ಇಲ್ಲಿನ ಮನೆಗಳ ಮುಂದಿನ ಕಾರುದಾರಿಯಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ ಇರುವುದು ಸಾಮಾನ್ಯ, ಚೆಂಡು ರಸ್ತೆಗೆ ಉರುಳುವುದೂ ಅಷ್ಟೇ ಸಾಮಾನ್ಯ. ಅದಕ್ಕೆಂದೇ ಗೋಲ್‌ರಿಲ್ಲಾ ಮುಂತಾದ ಕಂಪನಿಗಳು ಕಂಬಕ್ಕೆ ಸಿಕ್ಕಿಸಿ ಎರಡೂ ಕಡೆ ರೆಕ್ಕೆಯಂತೆ ಚಾಚುವ, ಬೇಡವಾದಾಗ ಮಡಚಿಡುವ ಬಲೆಗಳನ್ನು ಮಾರುತ್ತವೆ. ನಮ್ಮ ಮನೆಯಲ್ಲಿ ಅಂಥದೊಂದಿದೆ. ಕಂಬಕ್ಕೇ ಕಟ್ಟುವುದು ತಪ್ಪೆಂದು ಮೇಲೆ ಹೇಳಿರುವುದನ್ನು ಸ್ವಲ್ಪ ತಿದ್ದಬೇಕೆನಿಸುತ್ತದೆ. ಈ ಬಲೆಗಳು ಬೋರ್ಡಿನ ಮಟ್ಟಕ್ಕೆ ಏರುವುದಿಲ್ಲ, ಬೋರ್ಡಿನ ಕೆಳಗೆ ಹಿಂದೆ ಸರಿಯುವ ಚೆಂಡನ್ನಷ್ಟೇ ತಡೆಯುತ್ತವೆ. ಗಾಳಿಯ ಭಾರ ತಗ್ಗಿನಲ್ಲೇ ಇರುವುದರಿಂದ ಕಂಬ ಅದನ್ನು ತಾಳಿಕೊಳ್ಳುತ್ತದೆ. ಆದರೆ ಬೋರ್ಡಿನ ಮೇಲಿನಿಂದ ಹಾರಿದ ಚೆಂಡಿಗೆ ಅವುಗಳಿಂದ ಏನೂ ಪ್ರಯೋಜನವಿಲ್ಲ, ನಿಮ್ಮ ಇಳಿಜಾರಿಗೆ ಅವು ಸಾಲವು.

ಉತ್ತರ: ಮೂರಂಕದ ಗೆರೆ, ಮೈಸೂರು

ಕ್ಲಬ್ ಮಟ್ಟದಲ್ಲಿ ತರಬೇತಿ ನೀಡುವವನಾಗಿ, ಕೊನೆಯ ಪ್ರಶ್ನೆಗೆ ಹೆಚ್ಚು ಮಹತ್ವ ಕೊಡುತ್ತೇನೆ. ಅದಕ್ಕೂ ಮೊದಲು, ತಪ್ಪಿದ ಚೆಂಡು ಎತ್ತ ಹೋಗುತ್ತದೆ ಎಂಬುದನ್ನು ನೋಡಿಕೊಂಡು ಬಲೆಯ ಅಗಲವನ್ನು ನಿರ್ಧರಿಸಬೇಕು. ಒಂದು ಪಕ್ಕದಿಂದ ಎಸೆದ ಚೆಂಡು ತಪ್ಪಿದಾಗ ಹೆಚ್ಚಾಗಿ ಎದುರು ಪಕ್ಕಕ್ಕೆ ಬೀಳುತ್ತದೆ, ದೂರದ ಎಸೆತ ದೂರಕ್ಕೇ ಪುಟಿಯುತ್ತದೆ. ಮುಂದಿನಿಂದ, ಅಂದರೆ ಫ್ರೀ ಥ್ರೋ ಗೆರೆಯ ಕಡೆಯಿಂದ ಎಸೆದ ಚೆಂಡು ರಿಂಗಿಗೆ ಬಡಿದರೆ ಅಂಕಣದೊಳಕ್ಕೇ ಮರಳುತ್ತದೆ. ಅದಕ್ಕೆ ಬಲೆ ಬೇಕಿಲ್ಲ. ಹಿಂದಕ್ಕೆ ಹೋಗುವುದು ರಿಂಗನ್ನೂ ಬೋರ್ಡನ್ನೂ ಮುಟ್ಟದ ಎಸೆತಗಳು ಮತ್ತು ಬೋರ್ಡಿನ ಅಂಚಿಗೆ ತಾಗಿ ಜಾರಿದವು. ಮೂಲೆಯಿಂದ ಎಸೆದದ್ದಂತೂ ಎಂಡ್‌ಲೈನಿಗೆ ಸಮಾನಾಂತರವಾಗಿ ಸಾಗಿ ಇನ್ನೊಂದು ಮೂಲೆಯ ಹೊರಗೆ ಬೀಳುತ್ತದೆ. ಬೋರ್ಡಿನ ಅಗಲ 1.8 ಮೀಟರ್ ಎಂದು ಅಷ್ಟೇ ಅಗಲದ ಬಲೆ ಕಟ್ಟಿದರೆ ಅರ್ಧ ಚೆಂಡುಗಳು ತಪ್ಪಿಸಿಕೊಳ್ಳುತ್ತವೆ. 6 ಮೀಟರಿನ ಬದಲು 8 ಮೀಟರ್ ಮಾಡಿ, ಎರಡೂ ತುದಿಗಳನ್ನು ಅಂಕಣದ ಕಡೆಗೆ ಸ್ವಲ್ಪ ಬಾಗಿಸಿ. ಬೋರ್ಡಿನ ಮೇಲಂಚು 3.95 ಮೀಟರಿನಲ್ಲಿರುವುದರಿಂದ ಬಲೆಯ ತುದಿ 5 ಮೀಟರಿಗೆ ಮುಟ್ಟಿದರೆ ಶಾಲಾ ಮಕ್ಕಳ ಎಸೆತಕ್ಕೆ ಸಾಕು.

ನಿಮ್ಮ ಸಹೋದ್ಯೋಗಿಯ ಆತಂಕ ಇನ್ನೊಂದು ಬಗೆಯ ಬಲೆಗೆ ಹೊಂದುತ್ತದೆ. ಅಮೆರಿಕದ ಶೂಟ್-ಅ-ವೇ ಕಂಪನಿಯ ‘ದಿ ಗನ್’ ಎಂಬ ಯಂತ್ರದಲ್ಲಿ ಬಲೆ ರಿಂಗಿನ ಸುತ್ತಲೂ, ಮುಂಭಾಗದಲ್ಲಿಯೂ ಎದ್ದು ನಿಂತಿರುತ್ತದೆ. ರಿಂಗಿನೊಳಗೆ ಬಿದ್ದ ಚೆಂಡು, ತಪ್ಪಿದ ಚೆಂಡು ಎರಡೂ ಆಲಿಕೆಯಂತೆ ಕೆಳಗಿಳಿದು ಯಂತ್ರದ ಮೂಲಕ ಎಸೆಯುವವನ ಕೈಗೇ ಮರಳುತ್ತವೆ. ಅಲ್ಲಿ ರೀಬೌಂಡ್ ಎಂಬುದೇ ಇರುವುದಿಲ್ಲ. ಆದರೆ ಒಂದು ಲಾಭವಿದೆ. ಮುಂದಿನ ಬಲೆಯನ್ನು ದಾಟಿಸಬೇಕಾದ್ದರಿಂದ ಎಸೆತಕ್ಕೆ ಕಮಾನು ತಾನಾಗಿಯೇ ಬರುತ್ತದೆ. ರಿಂಗಿನ ಒಳವ್ಯಾಸ 45 ಸೆಂ.ಮೀ. ಇದ್ದರೂ 45 ಡಿಗ್ರಿ ಕೋನದಲ್ಲಿ ಇಳಿಯುವ ಚೆಂಡಿಗೆ ಅದು 32 ಸೆಂ.ಮೀ. ಕಿಂಡಿಯಾಗಿ ಮಾತ್ರ ಸಿಗುತ್ತದೆ, 33 ಡಿಗ್ರಿಗೆ ಇಳಿದರೆ ಚೆಂಡಿನ ಗಾತ್ರದಷ್ಟೇ ಉಳಿಯುತ್ತದೆ. ಚಪ್ಪಟೆಯಾಗಿ ಎಸೆಯುವ ಮಕ್ಕಳಿಗೆ ಇದನ್ನು ಬಾಯಲ್ಲಿ ವಿವರಿಸುವುದಕ್ಕಿಂತ ಮುಂದೊಂದು ಅಡ್ಡಿ ಇಡುವುದು ಮೇಲು. ನೀವು ಕಟ್ಟುವ ಬಲೆಯಾದರೋ ಅಂಕಣದ ಹೊರಗಿದೆ. ಅದಕ್ಕೆ ಬಡಿದ ಚೆಂಡು ನಿಯಮದ ಪ್ರಕಾರವೂ ಔಟ್, ಆದ್ದರಿಂದ ರೀಬೌಂಡಿಗೆ ಅದರಿಂದ ಕುಂದಿಲ್ಲ.

ಪ್ರಸಂಗವಶಾತ್ ಹೇಳುವುದಾದರೆ, ಈ ಆಟಕ್ಕೆ ಬಲೆಯ ಸಹವಾಸ ಹೊಸದಲ್ಲ. 1891ರಲ್ಲಿ ನೈಸ್ಮಿತ್ ಆಟವನ್ನು ರೂಪಿಸಿದ ಕೆಲವೇ ವರ್ಷಗಳಲ್ಲಿ, ಬಾಲ್ಕನಿಯಲ್ಲಿ ಕುಳಿತ ಪ್ರೇಕ್ಷಕರು ಚೆಂಡಿಗೆ ಕೈಹಾಕದಂತೆ ಬುಟ್ಟಿಯ ಹಿಂದೆ ತಡೆ ಬಂತು, ಆರಂಭದ ಆ ತಡೆಗಳು ತಂತಿಬಲೆಯವೇ ಆಗಿದ್ದವು. 1890ರ ದಶಕದಲ್ಲಿಯೇ ಅಮೆರಿಕದ ಟ್ರೆಂಟನ್ನಿನಲ್ಲಿ ಇಡೀ ಅಂಕಣವನ್ನು ಪಂಜರದೊಳಗೆ ಇಟ್ಟು ಆಡಿಸಿದರು.

ಮಲೆನಾಡ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಬೆಸುಗೆಯ ಯೋಜನೆಯನ್ನು ಕೈಬಿಟ್ಟು ಪ್ರತ್ಯೇಕ ಕಂಬಗಳನ್ನೇ ನೆಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಬಲೆ ಎಚ್‌ಡಿಪಿಇಯದು, 10 ಸೆಂ.ಮೀ. ಕಣ್ಣಿನದು. ಇನ್ನು ಎರಡು ಸಂದೇಹಗಳಿವೆ. ಸಡಿಲ ಬಲೆಯ ಕೆಳಗಿನಿಂದ ಚೆಂಡು ನುಸುಳದಂತೆ ಏನು ಮಾಡಬೇಕು? ಆಗುಂಬೆ ನಮ್ಮ ತಾಲ್ಲೂಕಿನಲ್ಲಿಯೇ ಇರುವುದರಿಂದ ಮಳೆಗಾಲದ ಬಗ್ಗೆ ನಾನು ವಿವರಿಸಬೇಕಾಗಿಲ್ಲ. ಆ ತಿಂಗಳುಗಳಲ್ಲಿ ಬಲೆಯನ್ನು ಕಂಬದ ಮೇಲೆಯೇ ಬಿಡಬಹುದೇ?

ಮಲ್ಪೆ ಬಲೆಗಾರ

ಮೊದಲನೆಯದಕ್ಕೆ ನಮ್ಮಲ್ಲಿ ಹಳೆಯ ಉಪಾಯವಿದೆ. ಬಲೆಯ ಕೆಳ ಅಂಚು ನೀರಿನಲ್ಲಿ ತಳಕ್ಕೆ ಕೂರಲೆಂದು ಸೀಸದ ಗುಂಡುಗಳನ್ನು ಪೋಣಿಸಿದ ಹಗ್ಗವನ್ನು ಕಟ್ಟುತ್ತೇವೆ. ಮಕ್ಕಳು ಮುಟ್ಟುವ ಜಾಗದಲ್ಲಿ ಸೀಸ ಬೇಡ, ಅದರ ಬದಲು ತೆಳು ಜಿಐ ಸರಪಳಿಯನ್ನು ಕೆಳ ಅಂಚಿನುದ್ದಕ್ಕೂ ಹೆಣೆಯಿರಿ. ಒಂದಡಿಯಷ್ಟು ಬಲೆ ಅಂಕಣದ ಕಡೆಗೆ ನೆಲದ ಮೇಲೆ ಮಲಗಿರಲಿ. ಉರುಳಿ ಬಂದ ಚೆಂಡು ಅದರ ಮೇಲೇರಿ ನಿಲ್ಲುತ್ತದೆ.

ಕಬ್ಬಿಣ ಕಾಂಕ್ರೀಟು, ಶಿವಮೊಗ್ಗ

ಮಳೆಗಾಲದಲ್ಲಿ ಖಂಡಿತ ಬಿಡಬೇಡಿ. ಒದ್ದೆ ಎಲೆಗಳು ಅಂಟಿಕೊಂಡಾಗ 10 ಸೆಂ.ಮೀ. ಕಣ್ಣಿನ ಬಲೆಯೂ ನೆರಳುಬಲೆಯಂತೆಯೇ ಗಾಳಿಯನ್ನು ಹಿಡಿಯುತ್ತದೆ. ಪ್ರತಿ ಕಂಬದ ತುದಿಯಲ್ಲಿ ಧ್ವಜಸ್ತಂಭಕ್ಕೆ ಹಾಕುವಂಥ ರಾಟೆಯೊಂದನ್ನು ಕೂರಿಸಿ, ಮೇಲಿನ ಹಗ್ಗವನ್ನು ಅದರಿಂದ ಏರಿಸಿ ಇಳಿಸುವಂತೆ ಮಾಡಿದರೆ ಜೂನ್ ಮೊದಲ ವಾರದಲ್ಲಿ ಬಲೆ ಬಿಚ್ಚಿ ಕೊಠಡಿಯಲ್ಲಿ ಸುತ್ತಿಡಬಹುದು. ಕಂಬದ ತುದಿಗಳನ್ನು ಮುಚ್ಚಳ ಹಾಕಿ ಮುಚ್ಚಿ, ಇಲ್ಲವಾದರೆ ಪೈಪಿನೊಳಗೆ ನೀರು ನಿಂತು ಬುಡ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಓಡಿಬರುವ ಮಕ್ಕಳಿಗೆ ಅಪಾಯವಾಗದಂತೆ ಮೂರೂ ಕಂಬಗಳಿಗೆ ಫೋಮ್ ಸುತ್ತಿಸಿ. ಬೋರ್ಡಿನ ಕಂಬಕ್ಕೆ 2.15 ಮೀಟರ್ ಎತ್ತರದವರೆಗೆ ಮೆತ್ತೆ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ, ಇವಕ್ಕೂ ಅದೇ ಎತ್ತರವನ್ನು ಇಟ್ಟುಕೊಳ್ಳಿ.