ಹಳೆಯ ಆರ್ಕೇಡ್ ಯಂತ್ರದ ಮರದ ಕಂಟ್ರೋಲ್ ಪ್ಯಾನೆಲ್: ಬೇಡದ ತೂತು ಮುಚ್ಚಿ ಹೊಸ ಫಿನಿಶ್ ಕೊಡೋದು ಹೇಗೆ?

ಜಾಯ್‌ಸ್ಟಿಕ್_ಪ್ರಿಯ:
80ರ ದಶಕದ ನಿಂತು ಆಡುವ ಕ್ಯಾಬಿನೆಟ್. ಪ್ಯಾನೆಲ್ 19 ಮಿ.ಮೀ. ಪ್ಲೈವುಡ್, ಮೇಲೆ ಚಿತ್ರ ಅಚ್ಚಾದ ವಿನೈಲ್ ಹಾಳೆ. ಹಾಳೆಯ ಅಂಚು ಎದ್ದಿದೆ. ಅಂಗೈ ಊರುವ ಕಡೆ ಸವೆದು ಮರವೇ ಕಾಣ್ತಿದೆ, ಜಿಡ್ಡು ಹಿಡಿದು ಕಪ್ಪಾಗಿದೆ. ಹಿಂದೆ ಯಾರೋ 28 ಮಿ.ಮೀ.ನ ಎರಡು ಹೆಚ್ಚುವರಿ ಬಟನ್ ತೂತು ಕೊರೆದಿದ್ದಾರೆ. ಎಡ ಮೂಲೆಯಲ್ಲಿ ಪ್ಲೈ ಪದರ ಬಿಟ್ಟುಕೊಂಡಿದೆ. ಹಾಳೆ ಕಿತ್ತು, ಕಪ್ಪು ಬಣ್ಣ ಹೊಡೆದು, ಮೇಲೆ ಪಾಲಿಯುರೆಥೇನ್ ವಾರ್ನಿಶ್ ಕೊಡೋ ಯೋಚನೆ. ತೂತಿಗೆ ಬರೀ ಪುಟ್ಟಿ ತುಂಬಿದ್ರೆ ನಿಲ್ಲುತ್ತಾ? ಬಣ್ಣ ಒಣಗಿದ ಮರುದಿನವೇ ಬಟನ್ ಕೂರಿಸಬಹುದಾ? ಹಳೇ (ಎರಡು ಲೋಹದ ಎಲೆ ತಾಗಿ ಕೆಲಸ ಮಾಡುವ) ಲೀಫ್ ಸ್ವಿಚ್‌ಗಳನ್ನೇ ಉಳಿಸಿಕೊಳ್ಳಬೇಕು.

ಉಳಿ_ಬಾಚಿ:
ಮೊದಲು ಹಾಳೆ ಕೀಳೋ ಮಾತು. ಕೀಳೋ ಮುಂಚೆಯೇ ಅದರ ಪಕ್ಕ ಸ್ಕೇಲ್ ಇಟ್ಟು ನೇರ ಮೇಲಿಂದ ಫೋಟೋ ತೆಗೀರಿ, ಸಾಧ್ಯವಾದರೆ ಸ್ಕ್ಯಾನ್ ಮಾಡಿ. ಬಿಸಿ ತಾಗಿದ ವಿನೈಲ್ ಹಿಗ್ಗುತ್ತೆ. ಮುಂದೆ ಯಾವತ್ತಾದರೂ ಹೊಸ ಹಾಳೆ ಅಚ್ಚು ಹಾಕಿಸಬೇಕು ಅಂದ್ರೆ ಕಿತ್ತ ಹಾಳೆಯ ಅಳತೆ ನಂಬೋ ಹಾಗಿಲ್ಲ.

ಪ್ಲಗ್ ಕಿತ್ತು, ಪ್ಯಾನೆಲ್ ಬಿಚ್ಚಿ ಹೊರಗೆ ತಂದೇ ಕೆಲಸ ಶುರು ಮಾಡಿ. ಬಿಚ್ಚುವಾಗ ಪಿಕ್ಚರ್ ಟ್ಯೂಬಿನ ಕತ್ತು, ಆನೋಡ್ (ಟ್ಯೂಬಿಗೆ ಹೈ ವೋಲ್ಟೇಜ್ ಒಯ್ಯುವ) ವೈರಿನ ಹತ್ತಿರ ಕೈ ಹೋಗಬಾರದು. ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತೆ.

ಹೀಟ್ ಗನ್ ಕಡಿಮೆ ಬಿಸಿಯಲ್ಲಿಟ್ಟು ಆಡಿಸ್ತಾ ಇರಿ, ಒಂದೇ ಕಡೆ ನಿಲ್ಲಿಸಬೇಡಿ. ಹಾಳೆ ಕೈಗೆ ಮೆತ್ತಗಾದರೆ ಸಾಕು. ಹೆಚ್ಚು ಕಾಯಿಸಿದ್ರೆ ಪ್ಲೈ ಪದರಗಳ ನಡುವಿನ ಅಂಟೂ ಸಡಿಲವಾಗುತ್ತೆ. ಮೇಲಕ್ಕೆ ಎಳೀಬೇಡಿ, ಹಾಳೆಯನ್ನು ಹಿಂದಕ್ಕೆ ಮಡಚಿ ಮೇಲ್ಮೈಗೆ ಒತ್ತಿಕೊಂಡಂತೆ ಎಳೀರಿ. ಇಲ್ಲದಿದ್ದರೆ ಮರದ ಸಿಬಿರೂ ಜೊತೆಗೆ ಎದ್ದು ಬರುತ್ತೆ.

ಉಳಿದ ಅಂಟನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ತೆಗೆಯೋಕೆ ಹೋಗಬೇಡಿ. ಉಜ್ಜಿದರೆ ಅಂಟು ಬಿಸಿಯಾಗಿ ಪೇಪರಿಗೆ ಮೆತ್ತಿಕೊಳ್ಳುತ್ತೆ, ಮರಕ್ಕೂ ಬಳಿದುಕೊಳ್ಳುತ್ತೆ. ಮಿನರಲ್ ಟರ್ಪೆಂಟೈನ್ ಹಾಕಿ ನೆನೆಸಿ, ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ಎಬ್ಬಿಸಿ. ಜಿಡ್ಡಿಗೂ ಅದೇ, ಆದರೆ ಪ್ರತಿ ಸಲ ಹೊಸ ಬಟ್ಟೆ. ಅದೇ ಬಟ್ಟೆ ತಿರುಗಿಸಿ ಮುರುಗಿಸಿ ಒರೆಸಿದ್ರೆ ಜಿಡ್ಡು ಹರಡುತ್ತೆ ಅಷ್ಟೇ. ಟರ್ಪೆಂಟೈನ್ ಹಚ್ಚಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೀಬೇಡಿ, ಬಯಲಲ್ಲಿ ಹರಡಿ ಒಣಗಿಸಿ.

ಆಮೇಲೆ 120, ನಂತರ 180 ಗ್ರಿಟ್ ಪೇಪರ್, ಮರದ ಎಳೆಯ ದಿಕ್ಕಿನಲ್ಲೇ. ಪ್ಲೈನ ಮೇಲ್ಪದರ ಬಹಳ ಸಲ 1 ಮಿ.ಮೀ. ಕೂಡ ಇರಲ್ಲ. ಮಷಿನ್ ಸ್ಯಾಂಡರ್ ಅಂಚಿನಲ್ಲಿ ಒಂದು ಕ್ಷಣ ಹೆಚ್ಚು ನಿಂತರೂ ಕೆಳಗಿನ ಪದರ ಕಾಣುತ್ತೆ. ಅಂಚುಗಳಿಗೆ ಕೈಯೇ ವಾಸಿ. ಹಳೇ ಬಣ್ಣ ಇದ್ದರೆ ಸೀಸ ಇರಬಹುದು, ಮಾಸ್ಕ್ ಹಾಕಿಕೊಳ್ಳಿ.

ಗೋಂದು_ಪಟ್ಟು:
ಬರೀ ಪುಟ್ಟಿ ನಿಲ್ಲಲ್ಲ. 28 ಮಿ.ಮೀ. ಅಗಲ, 19 ಮಿ.ಮೀ. ಆಳಕ್ಕೆ ನೀರಿನ ಮರದ ಪುಟ್ಟಿ ತುಂಬಿದ್ರೆ ಒಣಗುತ್ತಾ ಕುಗ್ಗಿ ಸುತ್ತಲೂ ಕೂದಲೆಳೆಯ ಬಿರುಕು ಬಿಡುತ್ತೆ. ಆಟಗಾರರ ಗುದ್ದಿಗೆ ಆ ಬಿರುಕೇ ಬಣ್ಣದ ಮೇಲೂ ಮೂಡುತ್ತೆ.

ಅದೇ ದಪ್ಪದ ಪ್ಲೈನಿಂದ ಬಿಲ್ಲೆ ಕತ್ತರಿಸಿ. 28ರ ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸದ ಬಿಟ್) ಹಾಕಿದರೆ ಬರೋ ಬಿಲ್ಲೆ ಹಲ್ಲಿನ ದಪ್ಪದಷ್ಟು ಚಿಕ್ಕದಾಗಿ ಲೊಡಲೊಡ ಅನ್ನುತ್ತೆ. 32ರದ್ದು ಹಾಕಿ, ಬೇಡದ ತುಂಡಿನಲ್ಲಿ ಮೊದಲು ನೋಡಿ, ಉಜ್ಜಿ ಬಿಗಿಯಾಗಿ ಹೊಂದಿಸಿ. ದುಂಡನೆ ಕೋಲು ಕತ್ತರಿಸಿ ತುರುಕಬೇಡಿ. ಅದರ ತುದಿ ಬಣ್ಣ ಕುಡಿದು ವೃತ್ತ ಎದ್ದು ಕಾಣುತ್ತೆ. ಬಿಲ್ಲೆಯ ಎಳೆಯನ್ನು ಪ್ಯಾನೆಲಿನ ಎಳೆಗೆ ಸರಿಹೊಂದಿಸಿ, ಮರದ ಗೋಂದು ಹಚ್ಚಿ, ಮೇಲ್ಮೈಗಿಂತ 1–2 ಮಿ.ಮೀ. ತಗ್ಗಾಗಿ ಕೂರಿಸಿ. ಒಂದು ರಾತ್ರಿ ಬಿಟ್ಟು ಆ ತಗ್ಗಿಗೆ, ನಡುವಿನ ಡ್ರಿಲ್ ತೂತಿಗೆ ಎರಡು ಭಾಗದ ಪಾಲಿಯೆಸ್ಟರ್ ಪುಟ್ಟಿ (ಕಾರ್ ಡೆಂಟಿಂಗಿಗೆ ಬಳಸೋದು). ಹಾರ್ಡನರ್ ತೂಕದಲ್ಲಿ ಸುಮಾರು ಶೇ. 2. ಹೆಚ್ಚು ಹಾಕಿದ್ರೆ ಕಲಸುವಾಗಲೇ ಗಟ್ಟಿ, ಕಡಿಮೆಯಾದರೆ ದಿನಗಟ್ಟಲೆ ಅಂಟಂಟು.

ಬಿಟ್ಟ ಪದರಕ್ಕೆ ತೆಳು ಮಾಡಿದ ಗೋಂದನ್ನು ಸಿರಿಂಜಿನಲ್ಲಿ ಒಳಕ್ಕೆ ಹಾಕಿ, ಮೇಲೆ ಕೆಳಗೆ ಮೇಣದ ಕಾಗದ, ಮರದ ಚಪ್ಪಟೆ ತುಂಡು, ಕ್ಲ್ಯಾಂಪ್, 24 ಗಂಟೆ. ನೀರು ಕುಡಿದು ಉಬ್ಬಿದ್ದು ಮಾತ್ರ ಹಿಂದಕ್ಕೆ ಹೋಗಲ್ಲ. ಪೂರ್ತಿ ಪ್ಯಾನೆಲ್ ಹಾಗಾಗಿದ್ದರೆ ಹಳೇದನ್ನೇ ಅಚ್ಚಾಗಿಟ್ಟು ರೂಟರಿನ (ಮರ ಕೆತ್ತುವ ಮಷಿನ್) ಬೇರಿಂಗ್ ಬಿಟ್‌ನಲ್ಲಿ ಹೊಸ ಪ್ಲೈ ಕತ್ತರಿಸೋದೇ ಮೇಲು.

ಜಾಯ್‌ಸ್ಟಿಕ್ ಹಿಡಿಯೋ ಚೌಕ ಕತ್ತಿನ ಬೋಲ್ಟುಗಳ ತಲೆ ಮೇಲಿಂದ ಬರ್ತಿದ್ದರೆ ಅವನ್ನು ಪ್ರೈಮರಿಗೆ ಮುಂಚೆ ಕೂರಿಸಿ. ಬಣ್ಣದ ಮೇಲೆ ಸುತ್ತಿಗೆ ಆಡಿಸಿದ್ರೆ ಸುತ್ತಲೂ ಚಕ್ಕೆ ಏಳುತ್ತೆ.

ಮೂರನೇ_ಕೋಟ್:
ಮರುದಿನ ಬಟನ್? ಬೇಡವೇ ಬೇಡ. ಮುಟ್ಟಿದರೆ ಅಂಟದಿರೋದು ಬೇರೆ, ಒಳಗಿಂದ ಗಟ್ಟಿಯಾಗೋದು ಬೇರೆ. ಪಾಲಿಯುರೆಥೇನಿಗೆ ಕನಿಷ್ಠ ಒಂದು ವಾರ ಕೊಡಿ. ಎಣ್ಣೆ ಆಧಾರಿತ ಎನಾಮೆಲ್ ಕೆಳಗಿದ್ದರೆ ಮೂರು–ನಾಲ್ಕು ವಾರ. ಮುಂಚೆಯೇ ನಟ್ ಬಿಗಿದರೆ ಬಟನ್ ಅಂಚು ಬಣ್ಣದೊಳಗೆ ಕಚ್ಚಿಕೊಳ್ಳುತ್ತೆ. ಮುಂದೆ ಬಟನ್ ಬಿಚ್ಚಿದಾಗ ಉಂಗುರಾಕಾರದಲ್ಲಿ ಬಣ್ಣವೂ ಕಿತ್ತು ಬರುತ್ತೆ. ಕಾಣದ ಮೂಲೆಯಲ್ಲಿ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಇನ್ನೂ ಕಾಯಬೇಕು.

ಕ್ರಮ: ಮೇಣ ತೆಗೆದ ಶೆಲ್ಲಾಕ್ (ಅರಗಿನ ಪಾಲಿಶ್) ಒಂದು ಕೋಟ್. ಹಳೇ ಪಾಲಿಶಿನ ಸಿಲಿಕೋನ್, ಕೈ ಜಿಡ್ಡು ಮರದೊಳಗೆ ಇಳಿದಿದ್ದರೆ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿ ಏಳುತ್ತೆ, ಶೆಲ್ಲಾಕ್ ಅದನ್ನು ತಡೆಯುತ್ತೆ. ಆಮೇಲೆ ಪ್ರೈಮರ್, 220ರಲ್ಲಿ ಉಜ್ಜಿ ಎರಡು ತೆಳು ಕಪ್ಪು ಕೋಟ್, ಮೂರು ತೆಳು ಪಾಲಿಯುರೆಥೇನ್. ಪಾಲಿಯುರೆಥೇನ್ ಕೋಟುಗಳ ನಡುವೆ 320ರಲ್ಲಿ ಹಗುರವಾಗಿ. ಪ್ಲೈನ ಅಂಚಿಗೂ ಕೆಳಮೈಗೂ ಕೋಟ್ ಬೇಕು. ಒಂದೇ ಕಡೆ ಮುಚ್ಚಿದರೆ ಇನ್ನೊಂದು ಕಡೆಯಿಂದ ತೇವ ಎಳೆದು ಪ್ಯಾನೆಲ್ ಬಾಗುತ್ತೆ.

ಬಟನ್ ತೂತುಗಳೊಳಗೆ ಕಾಗದ ಸುರುಳಿ ಸುತ್ತಿ ತುರುಕಿ. ಒಳಗೋಡೆಗೆ ಐದಾರು ಕೋಟ್ ಕೂತರೆ ಬಟನ್ ತಿರುಚಿ ತಳ್ಳಬೇಕಾಗುತ್ತೆ, ಅಂಚಿನ ಬಣ್ಣ ಬಿರಿಯುತ್ತೆ.

ಗ್ಲಾಸಿ (ಪೂರ್ತಿ ಹೊಳಪಿನದು) ಬೇಡ, ಸ್ಯಾಟಿನ್ (ಅರೆಹೊಳಪಿನದು) ತಗೊಳ್ಳಿ. ಹೊಳಪಿನ ಕಪ್ಪು ಪ್ಯಾನೆಲಿನಲ್ಲಿ ಪರದೆಯ ಬೆಳಕು ಪ್ರತಿಫಲಿಸಿ ಆಡುವಾಗ ಕಣ್ಣಿಗೆ ಕುಟುಕುತ್ತೆ, ಬೆರಳಚ್ಚೂ ಎದ್ದು ಕಾಣುತ್ತೆ.

ಜಾಯ್‌ಸ್ಟಿಕ್_ಪ್ರಿಯ:
ಬಣ್ಣದ ಬದಲು ಹೊಸ ವಿನೈಲ್ ಹಾಳೆಯೇ ಹಾಕೋದಾದರೆ ಇದೆಲ್ಲ ಬೇಕಾ?

ಮೂರನೇ_ಕೋಟ್:
ಶೆಲ್ಲಾಕ್, ಪ್ರೈಮರ್ ಸಾಕು, ಮೇಲಿನ ಕೋಟ್ ಬೇಡ. ಆದರೆ ಪ್ರೈಮರ್ ಪೂರ್ತಿ ಒಣಗಿರಬೇಕು, ಒಳಗೆ ಸಿಕ್ಕಿಕೊಂಡ ಥಿನ್ನರ್ ಆವಿ ಹಾಳೆಯ ಕೆಳಗೆ ಗುಳ್ಳೆ ಎಬ್ಬಿಸುತ್ತೆ. ಮೇಲ್ಮೈ ಇನ್ನೂ ನುಣುಪಾಗಿರಬೇಕು. ಒಂದು ಮರಳಿನ ಕಣ ಉಳಿದರೂ ವಿನೈಲ್ ಮೇಲೆ ಮೊಡವೆಯಾಗಿ ಕಾಣುತ್ತೆ.

ಉಳಿ_ಬಾಚಿ:
ಲೀಫ್ ಸ್ವಿಚ್ ಬಗ್ಗೆ ಯಾರೂ ಹೇಳಲಿಲ್ಲ. ಕಾಂಟ್ಯಾಕ್ಟ್‌ಗಳಿಗೆ ಸ್ಯಾಂಡ್ ಪೇಪರ್ ಹಾಕಬೇಡಿ, ಮೇಲಿನ ಲೇಪ ಹೋಗುತ್ತೆ. ಬಿಳಿ ದಪ್ಪ ಕಾಗದದ ಪಟ್ಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ, ಎರಡು ಎಲೆಗಳ ನಡುವೆ ಇಟ್ಟು, ಮೆಲ್ಲಗೆ ಒತ್ತಿ ಹಿಡಿದು ಎಳೀರಿ, ಕಾಗದ ಕಪ್ಪಾಗೋದು ನಿಲ್ಲೋವರೆಗೂ. ಅಂತರ ಸುಮಾರು 1 ಮಿ.ಮೀ. ಬಗ್ಗಿಸೋದು ಉದ್ದ ಎಲೆಯನ್ನಲ್ಲ, ಗಿಡ್ಡ ಎಲೆಯನ್ನು. ಗ್ರೌಂಡ್ ವೈರ್ ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಸರಪಳಿಯಾಗಿ ಹೋಗಿರುತ್ತೆ, ಬಿಚ್ಚೋ ಮುಂಚೆ ಪ್ರತಿಯೊಂದಕ್ಕೂ ಟೇಪ್ ಅಂಟಿಸಿ ಹೆಸರು ಬರೀರಿ. ಕೂರಿಸಿದ ಮೇಲೆ ಸಾಲಾಗಿ ಹಲವು ಬಟನ್ ಒಟ್ಟಿಗೆ ಕೆಲಸ ಮಾಡದಿದ್ದರೆ ಮೊದಲು ನೋಡಬೇಕಾದ್ದು ಆ ಸರಪಳಿ ಎಲ್ಲಿ ತುಂಡಾಗಿದೆ ಅಂತ.